ಹದಿನಾಲ್ಕು ಕಿಲೋ ಸಮತೋಲನ

ಮಾವ್ರೊಪೆತ್ರಾ ಪೊಲೀಸ್ ಠಾಣೆಯ ಅಧಿಕಾರಿ ಲಾಜರೊಸ್ ತೊಪಾಲಿದಿಸ್ ಅವರು ದಿನಾ ಬೆಳಿಗ್ಗೆ ಚೌಕದ ಎಡಬದಿಯ ಕ್ರೈಸ್ತರ ಕಾಫಿ ಅಂಗಡಿಯಲ್ಲಿ ಒಂಬತ್ತು ಗುಟುಕು ಕಾಫಿ ಕುಡಿದು, ಎದ್ದು, ಚೌಕ ದಾಟಿ, ಬಲಬದಿಯ ಮುಸಲ್ಮಾನರ ಕಾಫಿ ಅಂಗಡಿಯಲ್ಲಿ ಇನ್ನೊಂಬತ್ತು ಗುಟುಕು ಕುಡಿಯುತ್ತಾರೆ. ಗುಟುಕುಗಳನ್ನು ಅವರೊಬ್ಬರೇ ಅಲ್ಲ, ಎರಡೂ ಕಡೆ ಕೂತವರೆಲ್ಲ ಎಣಿಸುತ್ತಾರೆ. ಒಮ್ಮೆ ಬಲಬದಿಯಲ್ಲಿ ಕೆಮ್ಮು ಬಂದು ಹತ್ತನೆಯ ಗುಟುಕು ಒಳಗೆ ಹೋಗಿಬಿಟ್ಟಿತು. ಅಧಿಕಾರಿಗಳು ಕೂಡಲೇ ಎಡಬದಿಗೆ ವಾಪಸು ಬಂದು, ಒಂದು ಗುಟುಕು ಕುಡಿದು, ಅಷ್ಟೇ ಜೋರಾಗಿ ಒಮ್ಮೆ ಕೆಮ್ಮಿ, ಕರ್ತವ್ಯಕ್ಕೆ ತೆರಳಿದರು. ಊರು ಶಾಂತವಾಗಿಯೇ ಉಳಿಯಿತು.

ಗ್ರೀಸಿನ ಈ ಮೂಲೆಯಲ್ಲಿ ಬೆಟ್ಟ ಹತ್ತಿದರೆ ಬಲ್ಗೇರಿಯಾ, ನದಿ ದಾಟಿದರೆ ತುರ್ಕಿ. ಶನಿವಾರದ ಸಂತೆಗೆ ಎರಡೂ ಕಡೆಯಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ. ಊರು ಬದುಕಿರುವುದೇ ಆ ಬಸ್ಸುಗಳಿಂದ, ಮತ್ತು ಜಗಳವಿರುವ ಊರಲ್ಲಿ ಬಸ್ಸು ನಿಲ್ಲುವುದಿಲ್ಲ. ಆದ್ದರಿಂದ ಗಡಿ ಸೌಹಾರ್ದ ಇಲಾಖೆಯು ನಲವತ್ತೊಂದನೆಯ ಸುತ್ತೋಲೆಯನ್ನು ಹೊರಡಿಸಿದೆ: "ಒಂದು ಸಮುದಾಯದ ವ್ಯಕ್ತಿಯು ಇನ್ನೊಂದು ಸಮುದಾಯದ ವ್ಯಕ್ತಿಯ ವಿರುದ್ಧ ಎಸಗಿದ ಅಪರಾಧವನ್ನು, ಅದಕ್ಕೆ ಸಮತೂಕದ ಎದುರು ಅಪರಾಧವು ಲಭ್ಯವಾಗುವ ತನಕ ದಾಖಲಿಸತಕ್ಕದ್ದಲ್ಲ. ಲಭ್ಯವಾದ ಬಳಿಕ ಎರಡನ್ನೂ ಒಂದೇ ದಿನ, ಒಂದೇ ಶಾಯಿಯಲ್ಲಿ, ಅಕ್ಕಪಕ್ಕದಲ್ಲಿ ದಾಖಲಿಸತಕ್ಕದ್ದು." ಅಲ್ಲಿಯ ತನಕ ಅಪರಾಧವು ನಿರೀಕ್ಷಣಾ ಪಟ್ಟಿಯಲ್ಲಿರುತ್ತದೆ. ನಿರೀಕ್ಷಣಾ ಪಟ್ಟಿಯಲ್ಲಿರುವ ಅಪರಾಧವು ನಡೆದಿಲ್ಲ; ನಡೆದೇ ಇಲ್ಲ ಎನ್ನಲೂ ಬರುವುದಿಲ್ಲ.

ಇದರಿಂದ ಯಾರಿಗೂ ಅಂಥ ತೊಂದರೆಯಾಗಿರಲಿಲ್ಲ. ನಮ್ಮ ಕಳ್ಳರು ವಿವೇಕಿಗಳು, ತಮ್ಮ ತಮ್ಮವರ ಮನೆಯಲ್ಲೇ ಕದಿಯುತ್ತಾರೆ. ಚಿಕ್ಕಪ್ಪನ ಮನೆಯಲ್ಲಿ ಕದ್ದರೆ ಅರ್ಧ ಗಂಟೆಯಲ್ಲಿ ಕಾಗದಪತ್ರ ಮುಗಿಯುತ್ತದೆ.

ಠಾಣೆಯಲ್ಲಿ ನನ್ನದು ಭಾಷಾಂತರದ ಕೆಲಸ. ಊರಿನಲ್ಲಿ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹುಟ್ಟಿನಿಂದ ಬರುತ್ತದೆ. ಆದರೂ ನಾನು ಒಮ್ಮೆ ಹೇಳಿದ ಮೇಲೆಯೇ ಅದು ಅರ್ಥವಾಗಿದೆ ಎಂದು ಪರಿಗಣಿಸತಕ್ಕದ್ದು ಎಂಬ ನಿಯಮವಿರುವುದರಿಂದ ನನಗೊಂದು ಕುರ್ಚಿ ಸಿಕ್ಕಿದೆ.

ಮಾರ್ಚ್ ತಿಂಗಳ ಒಂದು ಸೋಮವಾರ ಸಂತೆಯ ಹುರಿಗಡಲೆ ರೆಮ್ಜಿಯೆ ಠಾಣೆಗೆ ಬಂದಳು. ಅರವತ್ತು ದಾಟಿದ ಹೆಂಗಸು, ಕೈತುಂಬ ಸುಟ್ಟ ಗುರುತು. ಊರಿನವರೆಲ್ಲ, ಕ್ರೈಸ್ತರೂ ಸೇರಿ, ಅವಳನ್ನು ಆಬ್ಲಾ, ಅಂದರೆ ಅಕ್ಕ, ಅನ್ನುತ್ತಾರೆ.

"ಸಾಹೇಬ್ರೇ, ನನ್ನ ಬಾಣಲೆ ಹೋಯ್ತು."

"ಯಾವ ಬಾಣಲೆ?"

"ಇನ್ಯಾವ್ದು? ನಮ್ಮಪ್ಪನ ಕಾಲದ್ದು. ತಾಮ್ರದ್ದು. ಹದಿನಾಲ್ಕು ಕಿಲೋ ತೂಗುತ್ತೆ. ಮೊನ್ನೆ ಶನಿವಾರ ಸಂತೆಗೆ ಹೋಗ್ಲಿಲ್ಲ ನಾನು. ಇನ್ನೆರಡು ಶನಿವಾರ ನನ್ನ ಜಾಗ ಖಾಲಿ ಬಿದ್ರೆ ಪುರಸಭೆಯವ್ರು ಅದನ್ನ ಬೇರೆಯವ್ರಿಗೆ ಬರೆದುಕೊಡ್ತಾರೆ. ಮೂವತ್ತೆಂಟು ವರ್ಷದ ಜಾಗ ಸಾಹೇಬ್ರೇ."

"ಬೇರೆ ಬಾಣಲೇಲಿ ಹುರೀಬೋದಲ್ಲ?"

"ಬೇರೆ ಗಂಡನ ಜೊತೆ ಸಂಸಾರ ಮಾಡ್ಬೋದಲ್ಲ ಅಂದ ಹಾಗಾಯ್ತು. ಕಬ್ಬಿಣದ್ರಲ್ಲಿ ಹಾಕಿದ್ರೆ ಕಡಲೆ ಮೇಲೆ ಕರಿಯಾಗುತ್ತೆ, ಒಳಗೆ ಹಸಿ ಇರುತ್ತೆ. ನಿಮ್ಮ ಇಲಾಖೆ ಹಾಗೆ."

ನಾನು ಕೊನೆಯ ವಾಕ್ಯವನ್ನು ಭಾಷಾಂತರಿಸಲಿಲ್ಲ. ಆದ್ದರಿಂದ ಅದು ಅಧಿಕಾರಿಗಳಿಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದು ಪರಾಸ್ಖೊಸ್ ಒಳಬಂದ. ಟ್ರ್ಯಾಕ್ಟರ್ ರಿಪೇರಿ ಮಾಡುವ, ಮಾಡದ ದಿನಗಳಲ್ಲಿ ಬೇರೆ ಕೆಲಸ ಮಾಡುವ ಕ್ರೈಸ್ತ ಹುಡುಗ. ಬೆನ್ನಿನ ಮೇಲೆ ಬಾಣಲೆಯನ್ನು ಬೋರಲು ಹೊತ್ತಿದ್ದ. ನಿಂತ ಆಮೆಯ ಹಾಗೆ ಕಾಣುತ್ತಿದ್ದ.

"ಆಬ್ಲಾ, ಇಲ್ಲಿದ್ದೀಯಾ? ನಿಮ್ಮನೆಗೆ ಹೋಗಿದ್ದೆ, ಬೀಗ ಹಾಕಿತ್ತು."

"ಲೋ ಹಾಳಾದವ್ನೆ, ನೀನೇನೋ!"

"ತಪ್ಪಾಯ್ತು ಆಬ್ಲಾ. ಬೆಟ್ಟ ದಾಟಿಸಿ ಬಲ್ಗೇರಿಯಾದ ಗುಜರಿಯವ್ನಿಗೆ ಕೊಡೋಣಾಂತ ಹೋದೆ. ಅವ್ನು ತಿರುಗಿಸಿ ನೋಡ್ದ, ಮೂಸಿ ನೋಡ್ದ, 'ಇದು ರೆಮ್ಜಿಯೆದಲ್ವಾ, ನಾನು ಅವಳ ಕಡಲೆ ತಿಂದು ಬೆಳೆದವ್ನು, ನಾಚ್ಕೆ ಆಗಲ್ವಾ' ಅಂತ ಉಗಿದ. ಹೊತ್ತು ಹೋದದ್ದೂ ನಾನೇ, ಹೊತ್ತು ತಂದದ್ದೂ ನಾನೇ. ಬೆನ್ನು ಹೋಯ್ತು."

"ಹಿಡಿ ಬೇರೆ ಬಗ್ಗಿಸಿದ್ದೀಯ. ಇಳಿಸು ಇಲ್ಲಿ. ಸಾಹೇಬ್ರೇ, ಸಿಕ್ತು. ನಾನು ಬರ್ತೀನಿ."

ಅಧಿಕಾರಿಗಳು ಬಾಗಿಲು ತೆರೆದ ಕ್ಷಣದಿಂದಲೇ ಕಣ್ಣು ಮುಚ್ಚಿಕೊಂಡಿದ್ದರು, ಏಕೆಂದರೆ ನೋಡಿದ್ದನ್ನು ಬರೆಯಬೇಕಾಗುತ್ತದೆ. ಕಣ್ಣು ತೆರೆಯದೆಯೇ ಹೇಳಿದರು: "ಎಲ್ಲಿಗೂ ಹೋಗೋ ಹಾಗಿಲ್ಲ. ಬಾಣಲೆ ವಾಪಸು ಕೊಟ್ರೆ ಅದು ಹೋಗಿತ್ತು ಅಂತಾಗುತ್ತೆ. ಹೋಗಿತ್ತು ಅಂದ್ರೆ ಕ್ರೈಸ್ತನೊಬ್ಬ ಮುಸಲ್ಮಾನಳ ಮನೇಲಿ ಕದ್ದ ಅಂತಾಗುತ್ತೆ. ಈ ಕಡೆ ಹದಿನಾಲ್ಕು ಕಿಲೋ, ಆ ಕಡೆ ಸೊನ್ನೆ. ಬಸ್ಸಿನವ್ರಿಗೆ ಯಾರು ಉತ್ತರ ಹೇಳ್ತಾರೆ?"

"ನಾವಿಬ್ರೂ ರಾಜಿ ಆಗಿದೀವಲ್ಲ ಸಾಹೇಬ್ರೇ," ಅಂದಳು ರೆಮ್ಜಿಯೆ.

"ಅದು ಎರಡು ಸಮುದಾಯಗಳ ನಡುವಿನ ಮಾತುಕತೆ. ಅದಕ್ಕೆ ರಾಜಧಾನಿಯಿಂದ ಅನುಮತಿ ಬರಬೇಕು."

ಬಾಣಲೆಯನ್ನು ಠಾಣೆಯ ಮೂಲೆಯಲ್ಲಿಡಲಾಯಿತು. ಪರಾಸ್ಖೊಸ್‌ನನ್ನು ತಾತ್ಕಾಲಿಕ ಕಳ್ಳನೆಂದು ಗುರುತಿಸಿ, ದಿನಾ ಎಂಟು ಗಂಟೆಗೆ ಬಂದು ಬೆಂಚಿನ ಮೇಲೆ ಕೂರಲು ತಿಳಿಸಲಾಯಿತು. ಅವನು ಒಂದು ದಿನವೂ ತಡವಾಗಿ ಬರಲಿಲ್ಲ. ಎರಡನೆಯ ದಿನ ಠಾಣೆಯ ನಲ್ಲಿಯನ್ನೂ ರಿಪೇರಿ ಮಾಡಿದ.

ಮಂಗಳವಾರ ಚೌಕದಲ್ಲಿ, ಎರಡು ಭಾಷೆಗಳಲ್ಲಿ, ಟೇಪು ಹಿಡಿದು ಅಳೆದ ಒಂದೇ ಎತ್ತರದಲ್ಲಿ ಈ ಪ್ರಕಟಣೆ ಅಂಟಿತು:

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಠಾಣೆಗೆ ಒಂದು ಕಳ್ಳತನದ ಅವಶ್ಯಕತೆಯಿದೆ. ಕಳ್ಳರು ಅಲ್ಪಸಂಖ್ಯಾತ ಸಮುದಾಯದವರಾಗಿರತಕ್ಕದ್ದು. ವಸ್ತುವು ಕ್ರೈಸ್ತರದ್ದೂ ತಾಮ್ರದ್ದೂ ಹದಿನಾಲ್ಕು ಕಿಲೋ ತೂಕದ್ದೂ ಆಗಿರತಕ್ಕದ್ದು. ಪೂರ್ವಾನುಭವ ಅನಿವಾರ್ಯವಲ್ಲ. ಒಳ್ಳೆಯ ನಡತೆಯ ಪ್ರಮಾಣಪತ್ರ ಕಡ್ಡಾಯ."

ಕಳ್ಳರಾಗಲು ಒಬ್ಬರೂ ಬರಲಿಲ್ಲ. ಕಳೆದುಕೊಳ್ಳಲು ನಲವತ್ತಮೂರು ಮಂದಿ ಅರ್ಜಿ ಹಾಕಿದರು. ಕಾರಣವಿಷ್ಟೆ. ಹಿಂದಿನ ಶನಿವಾರ ರೆಮ್ಜಿಯೆಯ ಖಾಲಿ ಜಾಗದ ಮುಂದೆ ತುರ್ಕಿಯ ಎದಿರ್ನೆ ಪಟ್ಟಣದ ಬಸ್ಸಿನವರು ಗುಂಪುಗಟ್ಟಿ ನಿಂತು ಫೋಟೋ ತೆಗೆದುಕೊಂಡದ್ದನ್ನು ವರ್ತಕರ ಸಂಘದ ಅಧ್ಯಕ್ಷ ಯೊರ್ದಾನಿಸ್ ಗಮನಿಸಿದ್ದ. ತುಂಬಿದ ಅಂಗಡಿಯ ಫೋಟೋ ಯಾರೂ ತೆಗೆಯುವುದಿಲ್ಲ ಎಂಬುದನ್ನೂ ಗಮನಿಸಿದ್ದ. ಬುಧವಾರದ ಹೊತ್ತಿಗೆ ಅಂಗಡಿಗಳ ಮೇಲೆ "ಇಲ್ಲಿ ನಿರಾತಂಕವಾಗಿ ಕದಿಯಬಹುದು", "ಕಳ್ಳರಿಗೆ ಹಿಂಬಾಗಿಲಿನ ಸೌಲಭ್ಯವಿದೆ" ಮುಂತಾದ ಬೋರ್ಡುಗಳು ಬಿದ್ದವು. ಕೊನೆಗೆ ಸಂಘವು ಸುದೀರ್ಘವಾಗಿ ಚರ್ಚಿಸಿ ಯೊರ್ದಾನಿಸ್‌ನನ್ನೇ ಆರಿಸಿತು. ಅವನ ಅಂಗಡಿಯಲ್ಲಿ ದ್ರಾಕ್ಷಿ ಸಾರಾಯಿ ಇಳಿಸುವ ತಾಮ್ರದ ಹಂಡೆಯೊಂದಿತ್ತು.

ಕಳ್ಳ ಮಾತ್ರ ಸಿಗಲಿಲ್ಲ. ಗುರುವಾರ ರೆಮ್ಜಿಯೆ ತನ್ನ ಪಕ್ಕದ ಮನೆಯ ಹಿಲ್ಮಿ ಮೇಷ್ಟ್ರನ್ನು ಕೈಹಿಡಿದು ಕರೆತಂದಳು. ನಿವೃತ್ತರು, ಬೇಸಿಗೆಯಲ್ಲೂ ಕೋಟಿನ ಗುಂಡಿ ಬಿಚ್ಚದವರು.

"ನಲವತ್ತು ವರ್ಷ ಮಕ್ಕಳಿಗೆ ಕದೀಬಾರ್ದು ಅಂತ ಪಾಠ ಹೇಳ್ದೆ ಕಣಮ್ಮ," ಅಂದರು ಮೇಷ್ಟ್ರು.

"ಯಾರೂ ಕೇಳಿಸ್ಕೊಂಡಿಲ್ಲ ಮೇಷ್ಟ್ರೇ, ನೀವು ಸಂಕೋಚ ಪಟ್ಕೋಬೇಡಿ. ನಾಡಿದ್ದು ನನಗೆ ಎರಡನೇ ಶನಿವಾರ."

ತರಬೇತಿಯ ಹೊಣೆಯನ್ನು ಪರಾಸ್ಖೊಸ್‌ಗೆ ವಹಿಸಲಾಯಿತು. ಅವನು ಬೆಂಚಿನಿಂದ ಎದ್ದು ನಿಂತು ಗೌರವದಿಂದಲೇ ಹೇಳಿಕೊಟ್ಟ.

"ಮೊದಲ್ನೇದಾಗಿ ಮೇಷ್ಟ್ರೇ, ಒಳಗೆ ಹೋಗುವಾಗ ನಮಸ್ಕಾರ ಅನ್ಬಾರ್ದು."

"ನಮಸ್ಕಾರ ಅನ್ನದೆ ಇನ್ನೊಬ್ಬರ ಅಂಗಡಿಯೊಳಗೆ ಹೇಗಪ್ಪಾ ಹೋಗೋದು?"

"ಅದೇ ಕಷ್ಟ. ಅಭ್ಯಾಸ ಆಗ್ಬೇಕು."

"ಬೂಟು ಒರೆಸ್ಕೋಬೋದಾ?"

ಪರಾಸ್ಖೊಸ್ ನನ್ನ ಕಡೆ ನೋಡಿದ. ನಾನು ಅದನ್ನು ಅದೇ ಭಾಷೆಗೆ ಮತ್ತೊಮ್ಮೆ ಭಾಷಾಂತರಿಸಿದೆ.

ಎರಡನೆಯ ಶನಿವಾರ ಹನ್ನೊಂದು ಗಂಟೆಗೆ, ಮೂರು ಬಸ್ಸುಗಳ ಜನರ ಸಮಕ್ಷಮ, ಕಳ್ಳತನ ಆರಂಭವಾಯಿತು. ಯೊರ್ದಾನಿಸ್ ಸೂಚನೆಯಂತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಹಿಲ್ಮಿ ಮೇಷ್ಟ್ರು ಹ್ಯಾಟು ತೆಗೆದು, "ನಮಸ್ಕಾರ" ಅಂದರು. ಗೋಡೆಯ ಕಡೆಯಿಂದ "ನಮಸ್ಕಾರ ಮೇಷ್ಟ್ರೇ, ಮನೇಲಿ ಹೇಗಿದ್ದಾರೆ?" ಅಂತ ಬಂತು. ಅಧಿಕಾರಿಗಳು ಸಹಿಸಿಕೊಂಡರು. ಹಂಡೆ ತಕ್ಕಡಿಗೆ ಹೋಯಿತು: ಹನ್ನೊಂದೇ ಕಿಲೋ. ಉಳಿದ ಮೂರು ಕಿಲೋಗೆ ಆಲಿವ್ ಕಾಯಿ ಕದಿಯಲು ಸ್ಥಳದಲ್ಲೇ ಮಂಜೂರಾತಿ ನೀಡಲಾಯಿತು.

ಇಲ್ಲಿಯ ತನಕ ಎಲ್ಲವೂ ನಿಯಮದಂತೆಯೇ ಇತ್ತು. ಆದರೆ ತನ್ನ ಅಂಗಡಿಯಿಂದ ಒಬ್ಬ ಮನುಷ್ಯ ಪೊಟ್ಟಣ ಕಟ್ಟದ ವಸ್ತುವನ್ನು ಹಾಗೇ ಕೈಯಲ್ಲಿ ಹೊತ್ತು ಹೋಗುವುದನ್ನು ಯೊರ್ದಾನಿಸ್ ಜನ್ಮದಲ್ಲಿ ಕಂಡವನಲ್ಲ. ಅವನ ಕೈ ತಡೆಯಲಿಲ್ಲ. ತಿರುಗಿ ಎದ್ದು, ಹಂಡೆಯನ್ನು ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಆಲಿವ್ ಡಬ್ಬಿಯ ಮುಚ್ಚಳ ಒತ್ತಿ ನೋಡಿ, ಮೇಲೆ ಒಂದು ಹಿಡಿ ಪೆಪ್ಪರ್‌ಮಿಂಟು ಹಾಕಿ, "ಮೊಮ್ಮಗಳಿಗೆ ಕೊಡಿ. ಹುಷಾರು, ಮೆಟ್ಟಿಲಿದೆ" ಅಂದ.

"ಯೊರ್ದಾನಿಸ್!" ಎಂದು ಅಧಿಕಾರಿಗಳು ಕೂಗುವಷ್ಟರಲ್ಲಿ ಮೇಷ್ಟ್ರು "ಬಹಳ ಉಪಕಾರವಾಯ್ತು" ಅಂದುಬಿಟ್ಟಿದ್ದರು.

ಬಸ್ಸಿನವರು ಚಪ್ಪಾಳೆ ತಟ್ಟಿದರು. ಅಂದು ಯೊರ್ದಾನಿಸ್‌ನ ಅಂಗಡಿ ಎರಡು ಗಂಟೆಗೇ ಬರಿದಾಯಿತು.

ಅಂಗಡಿಯವನು ತಾನೇ ಸುತ್ತಿಕೊಟ್ಟದ್ದು ಕಳ್ಳತನವಲ್ಲ, ಉಡುಗೊರೆ. ಉಡುಗೊರೆಗಳ ಬಗ್ಗೆ ಸುತ್ತೋಲೆಯ ಅನುಬಂಧ ಇನ್ನೂ ಬಿಗಿಯಾಗಿದೆ, ಏಕೆಂದರೆ ಉಡುಗೊರೆ ಕೊಟ್ಟವನನ್ನು ಬಂಧಿಸಲು ಬರುವುದಿಲ್ಲ. ಹೀಗಾಗಿ ಠಾಣೆಯ ನಿರೀಕ್ಷಣಾ ಪಟ್ಟಿಯಲ್ಲಿ ಈಗ ಜೊತೆಯಿಲ್ಲದ ಕಳ್ಳತನವೊಂದು, ಜೊತೆಯಿಲ್ಲದ ಉಡುಗೊರೆಯೊಂದು ಪಕ್ಕಪಕ್ಕದಲ್ಲಿ ಕೂತವು. ಅಧಿಕಾರಿಗಳಿಗೆ ಜ್ವರ ಬಂತು. ಎರಡೂ ಸಮುದಾಯಗಳ ವೈದ್ಯರು ಬಂದು ಅದೇ ಮಾತ್ರೆಯ ಅರ್ಧರ್ಧ ಕೊಟ್ಟು ಹೋದರು.

ಮುಂದಿನ ಗುರುವಾರ, ಮೂರನೆಯ ಶನಿವಾರಕ್ಕೆ ಎರಡು ದಿನವಿರುವಾಗ, ರೆಮ್ಜಿಯೆ ಮೇಜಿನ ಮೇಲೆ ಎರಡೂ ಕೈ ಊರಿ ನಿಂತಳು.

"ಸಾಹೇಬ್ರೇ, ಕ್ರೈಸ್ತರ ಕಡೆಯಿಂದ ನಮ್ಮವ್ರಿಗೆ ಹದಿನಾಲ್ಕು ಕಿಲೋ ಉಡುಗೊರೆ ಬಂದಿದೆ ತಾನೇ?"

"ಬಂದಿದೆ."

"ನಮ್ಮ ಕಡೆಯಿಂದ ಅವ್ರಿಗೆ ಹದಿನಾಲ್ಕು ಕಿಲೋ ಹೋಗ್ಬೇಕು ತಾನೇ?"

"ಹೋಗ್ಬೇಕು."

"ಹಾಗಾದ್ರೆ ಬರ್ಕೊಳ್ಳಿ. ಆ ಬಾಣಲೆ ಇವ್ನು ಕದ್ದದ್ದಲ್ಲ. ನಾನೇ ಕೊಟ್ಟದ್ದು. ಪ್ರೀತಿಯಿಂದ."

ಬೆಂಚಿನ ಮೇಲೆ ಪರಾಸ್ಖೊಸ್‌ನ ಮುಖ ಕೆಂಪಾಯಿತು. "ಆಬ್ಲಾ, ಸಂಜೆಗೇ ನಿನ್ನ ಬಾಗಿಲಿಗೆ ತಂದು ಇಳಿಸ್ತೀನಿ. ನಮ್ಮಮ್ಮನಾಣೆ. ಹಿಡೀನೂ ನೆಟ್ಟಗೆ ಮಾಡ್ತೀನಿ."

ಅಧಿಕಾರಿಗಳು ಎದ್ದು ನಿಂತು ಪೆನ್ನು ತೆಗೆದರು. ಎರಡೂ ಉಡುಗೊರೆಗಳನ್ನು ಒಂದೇ ಶಾಯಿಯಲ್ಲಿ, ಅಕ್ಕಪಕ್ಕದಲ್ಲಿ ಬರೆದರು. ಕಳ್ಳತನವನ್ನು ಹೊಡೆದುಹಾಕಿದರು. ಅವರ ಜ್ವರ ಅಲ್ಲೇ ಇಳಿಯಿತು. ರೆಮ್ಜಿಯೆ ದಾರಿಯಲ್ಲೇ ಹತ್ತು ಕಿಲೋ ಕಡಲೆ ಕೊಂಡು ಮನೆಗೆ ಹೋದಳು.

ಸಂಜೆ ಪರಾಸ್ಖೊಸ್ ಬಾಣಲೆ ಎತ್ತುವ ಮೊದಲೇ ಇಲಾಖೆಯ ಫೋನು ಬಂತು. ಗಡಿಯ ಇತಿಹಾಸದಲ್ಲೇ ಎರಡು ಸಮುದಾಯಗಳು ಪರಸ್ಪರ ಸಮತೂಕದ ಉಡುಗೊರೆ ಕೊಟ್ಟುಕೊಂಡ ಮೊದಲ ಪ್ರಕರಣ ಇದಾಗಿರುವುದರಿಂದ, ಎರಡೂ ವಸ್ತುಗಳನ್ನು ಚೌಕದ ನಟ್ಟನಡುವೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾರ್ವಜನಿಕರಿಗೆ ತೋರಿಸತಕ್ಕದ್ದು, ಮೂವತ್ತು ವರ್ಷ ಯಾರೂ ಯಾರಿಗೂ ಪರಭಾರೆ ಮಾಡತಕ್ಕದ್ದಲ್ಲ.

"ನಂದೇ ಅಲ್ವಾ ಅದು? ನಾನು ಆಬ್ಲಾಗೆ ವಾಪಸು ಕೊಡ್ತೀನಿ," ಅಂದ ಪರಾಸ್ಖೊಸ್.

"ಕೊಟ್ಟರೆ ಕ್ರೈಸ್ತರ ಕಡೆಯಿಂದ ಹೊಸ ಹದಿನಾಲ್ಕು ಕಿಲೋ ಆಗುತ್ತೆ."

"ಹಾಗಾದ್ರೆ ಕದ್ದು ಕೊಡ್ತೀನಿ."

"ನಿನ್ನ ವಸ್ತು ನೀನೇ ಕದಿಯೋಕೆ ಬರಲ್ಲ."

"ಆಬ್ಲಾನೇ ಕದ್ದರೆ?"

ಅಧಿಕಾರಿಗಳ ಮುಖ ಕ್ಷಣಕಾಲ ಅರಳಿತು, ಆಮೇಲೆ ಬಾಡಿತು. "ಹೋದ ವಾರ ಆಗಿದ್ರೆ ಎಷ್ಟು ಚೆನ್ನಾಗಿತ್ತು. ಈಗ ಅದಕ್ಕೆ ಎದುರು ಕಳ್ಳತನ ಎಲ್ಲಿಂದ ತರೋದು? ಇದ್ದ ಒಂದನ್ನೂ ಹೊಡೆದುಹಾಕಿದ್ದಾಯ್ತು."

ಮೂರನೆಯ ಶನಿವಾರ ಹನ್ನೆರಡು ಬಸ್ಸುಗಳು ಬಂದವು. ರೆಮ್ಜಿಯೆಯ ಜಾಗವು ನಿಯಮದಂತೆ ತೆರವಾಗಿದ್ದರಿಂದ ಪುರಸಭೆ ಅದನ್ನು ಬೆಳಿಗ್ಗೆ ಎಂಟಕ್ಕೇ ಯೊರ್ದಾನಿಸ್‌ಗೆ ಬರೆದುಕೊಟ್ಟಿತ್ತು. ಅವನು ಅಲ್ಲಿ ಅಂಗೈಯಗಲದ ತಾಮ್ರದ ಬಾಣಲೆಗಳನ್ನು ನೆನಪಿನ ಕಾಣಿಕೆಯಾಗಿ ಮಾರುತ್ತಿದ್ದ. ಬಲ್ಗೇರಿಯಾದ ಗುಜರಿಯವನು ಮಾಡಿಸಿಕೊಟ್ಟ ಮಾಲು. ಪರಾಸ್ಖೊಸ್‌ಗೆ ಪೆಟ್ಟಿಗೆಯ ಕಾವಲುಗಾರನ ಹುದ್ದೆ ಸಿಕ್ಕಿತು, ಟೋಪಿ ಸಮೇತ. ಅವನು ಗಾಜಿಗೆ ಬೆನ್ನು ಮಾಡಿ ನಿಂತಿದ್ದ. ಬಾಣಲೆಯ ಹಿಡಿ ಮಾತ್ರ ನೆಟ್ಟಗಾಗಿತ್ತು. ಹಿಲ್ಮಿ ಮೇಷ್ಟ್ರಿಗೆ ಶಾಲು ಹೊದಿಸಿದರು. ಅವರು ಬೂಟು ಒರೆಸಿಕೊಂಡು ವೇದಿಕೆ ಹತ್ತಿದರು.

ಮೊದಲ ಸಾಲಿನಲ್ಲಿ ರೆಮ್ಜಿಯೆಗೆ ಕುರ್ಚಿ ಹಾಕಿ, ಎದೆಗೆ ರಿಬ್ಬನ್ ಚುಚ್ಚಿದ್ದರು. ಅವಳು ಬೇಡವೆನ್ನಲಿಲ್ಲ. ಬಸ್ಸಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು, ಅವಳೂ ಪ್ರತಿ ಸಲ ಎದ್ದು ನಿಂತಳು. ಇಲಾಖೆಯಿಂದ ಬಂದ ದೊಡ್ಡವರು ಎರಡು ಭಾಷೆಗಳಲ್ಲಿ ಗಡಿಯಾರ ನೋಡಿ ಅಷ್ಟಷ್ಟೇ ಹೊತ್ತು ಮಾತಾಡಿದರು. ಅವರು ಕೂತಾಗ ಎದ್ದ ಚಪ್ಪಾಳೆಯ ನಡುವೆ ರೆಮ್ಜಿಯೆ ನನ್ನ ತೋಳು ಮುಟ್ಟಿ, ಕಿವಿಯ ಹತ್ತಿರ ಬಾಗಿದಳು.

"ಮಗಳೇ, ಗುರುವಾರದಿಂದ ಹತ್ತು ಕಿಲೋ ಕಡಲೆ ನೀರು ಕುಡಿದು ಕೂತಿದೆ, ನಾಳೆಗೆ ಮೊಳಕೆ ಬರುತ್ತೆ. ಗಾಜು ತೆಗೆಸಿ ಒಂದು ಬೆಳಗಿನ ಮಟ್ಟಿಗೆ ಆ ಬಾಣಲೆ ಕೊಡ್ತಾರಾ ಅಂತ ಒಂದು ಮಾತು ಕೇಳ್ಕೊಡ್ತೀಯಾ?"