ಸಿನಿಮಾದ ಅಳಿಯಂದಿರು, ಶೇಂಗಾ ಹೋಳಿಗೆ

ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತದೆ, ಕೆಲವರ ಮನೆಯಲ್ಲಿ ಬಾಯ್ಲರ್ ಕೆಡುತ್ತದೆ. ನಮ್ಮ ಮನೆಯಲ್ಲಿ ಅಳಿಯಂದಿರು ನಾಟಕ ಬರೆಯುತ್ತಾರೆ. ನಲ್ಲಿಗಾದರೆ ಪ್ಲಂಬರನನ್ನು ಕರೆಯಬಹುದು. ಇದಕ್ಕೆ ಯಾರನ್ನು ಕರೆಯೋಣ? ಹಿಂಗಾಗಿ ನಮ್ಮಲ್ಲಿ ಒಂದಿಲ್ಲೊಂದು ನಡೆದೇ ಇರುತ್ತದೆ.

ನಾನು ಧಾರವಾಡದವಳು. ಶಾಲೆಯ ಮೆಟ್ಟಿಲು ಹತ್ತಿದ್ದು ಮಗಳನ್ನು ಮನೆಗೆ ಕರೆತರಲಿಕ್ಕೆ ಮಾತ್ರ. ಅಕ್ಷರ ಕಲಿತದ್ದೂ ಅವಳ ಪಾಟಿ ನೋಡಿಯೇ. ಆ ಮಗಳು ಈಗ ಲಂಡನ್ನಿನಲ್ಲಿ ಡಾಕ್ಟರು, ನಾನು ಎಜ್‌ವೇರಿನ ಅವಳ ಮನೆಯಲ್ಲಿದ್ದೇನೆ. ಅಳಿಯಂದಿರು ಅಮೆರಿಕದವರು. ಕನ್ನಡ ಬರದವರಿಗೆ ಮಗಳನ್ನು ಕೊಡೋದಿಲ್ಲ ಅಂದಿದ್ದೆ. ಆ ಪುಣ್ಯಾತ್ಮರು ಕಲಿತುಬಿಟ್ಟರು.

ಅಮೆರಿಕದಲ್ಲಿ ಬೀಗರದು ಟೈರಿನ ಅಂಗಡಿ. ಮೊಣಕಾಲು ಹೋದ ಮೇಲೆ ಅವರು ಮಗನ ಬೆನ್ನು ಹತ್ತಿದ್ದರು: ಬಾ, ಅಂಗಡಿ ನೋಡಿಕೋ. ಅಳಿಯಂದಿರು ಮಾತು ಕೊಟ್ಟಿದ್ದರು: ನನ್ನದೇ ಒಂದು ಸಿನಿಮಾ ಮಾಡಲಿಕ್ಕೆ ಬಿಡು, ಆಗದಿದ್ದರೆ ಸಂಸಾರ ಕಟ್ಟಿಕೊಂಡು ಟೈರು ಮಾರಲಿಕ್ಕೆ ಬರ್ತೇನೆ. ನಾನು ಎಷ್ಟೇ ಆಡಿಕೊಂಡರೂ, ಟೈರುಗಳ ನಡುವೆ ಸ್ಟೂಲಿನ ಮೇಲೆ ಕೂತ ಅಳಿಯಂದಿರನ್ನು ನೆನೆಸಿಕೊಂಡರೆ ತುತ್ತು ಇಳಿಯುತ್ತಿರಲಿಲ್ಲ.

ಅದು ಸರಿ, ಕೆಲಸ ಏನು?

ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಒಂದು ಸಭಾಂಗಣದಲ್ಲಿ ಸೇರಿದ್ದೆವು. ಬೆಂಗಳೂರಿನ ಒಬ್ಬ ಹೆಣ್ಣುಮಗಳು ಕೇಳಿದಳು, "ಅಮ್ಮಾ, ನಿಮ್ಮ ಅಳಿಯ ಏನ್ ಮಾಡ್ತಾರೆ?"

"ನಾಟಕ ಬರೀತಾರವ್ವಾ."

"ಚೆನ್ನಾಗಿದೆ. ಕೆಲಸ ಏನ್ ಮಾಡ್ತಾರೆ?"

"ಸಿನಿಮಾಕ್ಕೂ ಬರೀತಾರ."

"ಅದು ಹವ್ಯಾಸ ಆಯ್ತು. ನಾನು ಕೇಳಿದ್ದು ಕೆಲಸ."

ಮಗಳು ನನ್ನ ತೊಡೆ ಚಿವುಟಿದಳು. ಮುಂದಿನ ಯುಗಾದಿಗೆ ಇನ್ನೊಬ್ಬಳು ಅದನ್ನೇ ಕೇಳಿದಾಗ ನಾನು ಶಾಣ್ಯಾಳಾಗಿದ್ದೆ. "ಮನಿಯಿಂದನ ಕೆಲಸ. ಮುಂಜಾನಿಯಿಂದ ಸಂಜಿತನಕ ಕಂಪ್ಯೂಟರ್ ಮುಂದ ತಲಿ ಹಿಡ್ಕೊಂಡು ಕೂತಿರ್ತಾರ. ಯಾರರ ಮಾತಾಡಿಸಿದ್ರ ಸಿಟ್ಟು."

ಅವಳು ನನ್ನ ಕೈ ಹಿಡಿದುಕೊಂಡಳು. "ನಮ್ಮನೆಯವರೂ ಹಾಗೇ ಅಮ್ಮ. ಐಟಿಯಲ್ಲಿ ಈಗ ಎಲ್ಲರಿಗೂ ಕಷ್ಟ."

ಪಬ್ಬಿನ ಮಹಡಿಯ ಮೇಲೆ

ಅಳಿಯಂದಿರ ನಾಟಕ ಅಂದಾಗ ನಾನು ಇಳಕಲ್ ಸೀರೆ ಉಟ್ಟು ಹೊರಟೆ. ಕಂಪನಿ ನಾಟಕ ನೋಡಿ ಬೆಳೆದ ಜೀವ, ರಾಜ, ರಾಣಿ, ಹಾರ್ಮೋನಿಯಂ ಎಲ್ಲ ಇರುತ್ತವೆ ಅಂದುಕೊಂಡಿದ್ದೆ. ಕರೆದುಕೊಂಡು ಹೋದದ್ದು ಒಂದು ಪಬ್ಬಿಗೆ. ಅದರ ಮಹಡಿಯ ಮೇಲೆ ಒಂದು ಕೋಣೆ. ಎರಡು ಕುರ್ಚಿ, ಎರಡು ಜನ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಮಾತಿಲ್ಲ.

"ಮರ್ತಾರೇನ?" ಅಂತ ಮಗಳನ್ನು ಕೇಳಿದೆ.

"ಇಲ್ಲವ್ವ, ಅದು ಮೌನ. ಹಂಗ ಬರದಾರ."

ಬರೆಯದೇ ಬಿಟ್ಟದ್ದಕ್ಕೂ ಬರೆದದ್ದು ಅನ್ನುತ್ತಾರೆ ಅಂತ ಅವತ್ತು ತಿಳಿಯಿತು. ಕೂತು ಕೂತು ಹಸಿವಾಯಿತು. ಚೀಲದಿಂದ ಚೂಡಾದ ಡಬ್ಬಿ ತೆಗೆದೆ. ಮುಚ್ಚಳ ಟಣ್ ಅಂದಿತು. ಮೆಲ್ಲಗೇ ತಿಂದೆ, ಆದರೆ ಹುರಿದ ಅವಲಕ್ಕಿಗೆ ಮೌನದ ಮರ್ಯಾದೆ ಎಲ್ಲಿ ಗೊತ್ತು? ಇಡೀ ಕೋಣೆ ತಿರುಗಿ ನೋಡಿತು. ಮಗಳು ಮುಖ ಮುಚ್ಚಿಕೊಂಡಳು.

ಮರುದಿನ ಯಾವನೋ ವಿಮರ್ಶಕ ಬರೆದಿದ್ದನಂತೆ: ಕತ್ತಲಲ್ಲಿ ಕೇಳಿಬರುವ ಆ ಅಗಿಯುವ ಸದ್ದೇ ನಾಟಕದ ಜೀವಾಳ, ಅದು ಈ ಕಾಲದ ಹಸಿವು ಅಂತ. ಸಂಜೆ ಅಳಿಯಂದಿರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. "ಅತ್ತಿ, ಇವತ್ತೂ ಬರ್ತೀರೇನು? ಡಬ್ಬಿ ಮರೀಬ್ಯಾಡ್ರಿ."

ಕತೆ ರಿಪೇರಿ

ಆಮೇಲೆ ಸಿನಿಮಾಕ್ಕೆ ಕತೆ ಕೊಡುವ ಕೆಲಸ ಸಿಕ್ಕಿತು. ಅಳಿಯಂದಿರು ಬರೆದದ್ದು ಕುರಿ ಕಾಯುವ ಒಬ್ಬ ವಿಧವೆಯ ಕತೆ. ಅಮೆರಿಕದ ದೊಡ್ಡ ಮಂದಿ ಕಂಪ್ಯೂಟರಿನಲ್ಲಿ ಕಾಣಿಸಿಕೊಂಡು, ಅದ್ಭುತ ಕತೆ, ಒಂದಕ್ಷರವೂ ಬದಲಾಗಬಾರದು ಅಂದರು. ಆಮೇಲೆ ವಿಧವೆ ಬೇಡ ಪೊಲೀಸ್ ಇರಲಿ ಅಂದರು. ಕುರಿ ಬೇಡ ಮೋಟಾರ್ ಸೈಕಲ್ ಇರಲಿ ಅಂದರು. ಅಳಿಯಂದಿರು ಎಲ್ಲಕ್ಕೂ ನಗುತ್ತ ಗೋಣು ಹಾಕಿ, ಕಂಪ್ಯೂಟರ್ ಮುಚ್ಚಿ, ಹಿತ್ತಲಿಗೆ ಹೋಗಿ ಬೇಲಿಯ ಹಲಗೆಗೆ ಒದ್ದು ಬಂದರು.

ನಾನು ಚಹಾ ಕೊಟ್ಟು ಕೇಳಿದೆ, "ಈಗ ಅದರಾಗ ನಿಮ್ಮದು ಅಂತ ಏನು ಉಳದದ?"

"ನನ್ನ ಹೆಸರದ, ಅತ್ತಿ."

ಸಿನಿಮಾ ಬಂತು. ಎಲ್ಲರೂ ಸೋಫಾದ ಮೇಲೆ ಸಾಲಾಗಿ ಕೂತು ಕೊನೆಯ ಅಕ್ಷರದ ತನಕ ಹೆಸರು ಹುಡುಕಿದೆವು. ಅದನ್ನೂ ರಿಪೇರಿ ಮಾಡಿದ್ದರು.

ಒಂದು ಸಲ ಬ್ಯಾಡ ಅಂದರೆ

ಅಲ್ಲಿಗೆ ಉಳಿದದ್ದು ಸ್ವಂತ ಸಿನಿಮಾ ಒಂದೇ. ಬಾಯಿಯೇ ಬಿಡದ ಒಬ್ಬ ಅತ್ತೆಯ ಕತೆ. ಎಲ್ಲಿಂದ ಸಿಕ್ಕಿತೋ ಕಾಣೆ, ನಮ್ಮ ಮನೆಯಲ್ಲಂತೂ ಅಲ್ಲ.

ದುಡ್ಡು ಹಾಕುವ ನಿರ್ಮಾಪಕಿ ಸ್ಟ್ಯಾನ್ಮೋರಿನಿಂದ ಕಾರು ಹೊಡೆದುಕೊಂಡು ಊಟಕ್ಕೆ ಬಂದರು. ಬಂದವರೇ ಏನೋ ಹೇಳಿದರು. ಇಂಗ್ಲಿಷಿನ "ನೋ" ನನಗೂ ತಿಳಿಯುತ್ತದೆ. ಅಳಿಯಂದಿರ ಮುಖ ಆಗಲೇ ಟೈರಿನ ಬಣ್ಣಕ್ಕೆ ತಿರುಗಿತ್ತು. ಅಡುಗೆಮನೆಗೆ ಕರೆದೆ.

"ಬ್ಯಾಡ ಅಂದ್ರು, ಅತ್ತಿ. ಮುಗೀತು."

"ಎಷ್ಟು ಸಲ ಅಂದ್ರು?"

"ಒಂದ ಸಲ."

"ಒಂದ ಸಲ ಅಂದ್ರ ಅದು ಮರ್ಯಾದಿ. ಒಂದ ಸಲಕ್ಕ ಬಡಸೋರು ತಾಟಿನ ಮುಂದಿಂದ ಹೊಳ್ಳಿ ಹೋಗ್ತಾರೇನು?"

"ಇದು ಊಟ ಅಲ್ಲರೀ, ಸಿನಿಮಾ. ಇವರಾಗ ಬ್ಯಾಡ ಅಂದ್ರ ಬ್ಯಾಡ ಅಂತನ ಅರ್ಥ."

"ಹಂಗಾರ ಸಿನಿಮಾ ನೀವು ನೋಡ್ಕೋರಿ. ಊಟ ನಾ ನೋಡ್ಕೋತೀನಿ."

ಶೇಂಗಾ ಹೋಳಿಗೆ ಮಾಡಿದ್ದೆ. ಎರಡು ತಿಂದು ಆ ತಾಯಿ ಸಾಕು ಅಂದರು. ಬಡಿಸಿದೆ. ತಾಟಿಗೆ ಕೈ ಅಡ್ಡ ಹಿಡಿದರು. ಬೆರಳ ಸಂದಿಯಿಂದ ತುಪ್ಪ ಬಿಟ್ಟೆ. ತಾಟನ್ನೇ ಎತ್ತಿಕೊಂಡರು. ಎತ್ತಿಕೊಂಡಲ್ಲಿಗೇ ಹೋಗಿ ಹಾಕಿ ಬಂದೆ.

ಊಟ ಮುಗಿದಾಗ ಅವರಿಗೆ ಕಾರಿನ ತನಕ ಹೋಗುವ ತ್ರಾಣ ಇರಲಿಲ್ಲ. ಬೀಗದ ಕೈ ಹಿಡಿದುಕೊಂಡೇ ಸೋಫಾದ ಮೇಲೆ ಒರಗಿದರು. ಎದ್ದು ಹೋಗಲಾರದವರು ಸಿಕ್ಕರೆ ಬರೆಯುವವರು ಬಿಡುತ್ತಾರೆಯೇ? ಅಳಿಯಂದಿರು ಮೊದಲಿನಿಂದ ಕೊನೆಯ ತನಕ ಕತೆ ಓದಿ ಹೇಳಿದರು. ಹೋಳಿಗೆ ಕರಗುವ ಹೊತ್ತಿಗೆ ಆ ತಾಯಿಯ ಮನಸ್ಸೂ ಕರಗಿತು. ಒಂದೇ ಷರತ್ತು: ಅತ್ತೆಯ ಪಾತ್ರ ಈ ಹೋಳಿಗೆಯ ಅಜ್ಜಿಯೇ ಮಾಡಬೇಕು.

"ಅತ್ತಿ, ನಿಮಗ ಒಂದೂ ಮಾತಿಲ್ಲ," ಅಂದರು ಅಳಿಯಂದಿರು. ಅಷ್ಟು ಖುಷಿ ಅವರ ಮುಖದ ಮೇಲೆ ಮದುವೆಯಲ್ಲೂ ಕಂಡಿರಲಿಲ್ಲ.

ಕಟ್

ಹೇಸ್ ಅನ್ನುವ ಊರಿನ ಒಂದು ಖಾಲಿ ಗೋದಾಮಿನಲ್ಲಿ ಸುಳ್ಳು ಅಡುಗೆಮನೆ ಕಟ್ಟಿದರು. ನಾನು ಮಾಡಬೇಕಾದದ್ದು ಇಷ್ಟೇ: ಊಟಕ್ಕೆ ಕೂತ ಅತಿಥಿ ಬೇಡ ಅಂದಕೂಡಲೇ ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಸುಮ್ಮನೆ ಒಳಗೆ ಹೋಗುವುದು.

ಅತಿಥಿಯ ಪಾತ್ರದ ಗೃಹಸ್ಥ ಕಡ್ಡಿಯಂತಿದ್ದ. ಬೇಡ ಅಂದ. ಬಡಿಸಿದೆ.

"ಕಟ್. ಅತ್ತಿ, ಅವರು ಬ್ಯಾಡ ಅಂದಾರ."

"ಅಂದದ್ದು ಒಂದ ಸಲ. ಮಾರಿ ನೋಡ್ರಿ ಹೆಂಗ ಬಾಡ್ಯದ."

ಮತ್ತೆ ಕ್ಯಾಮೆರಾ ಓಡಿತು. ಮತ್ತೆ ಬಡಿಸಿದೆ. ನಾನೇನು ಮಾಡಲಿ, ಕೈ ನನ್ನ ಮಾತು ಕೇಳೋದಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಮನುಷ್ಯ ಬೆಲ್ಟು ಸಡಿಲ ಮಾಡಿ, ಕಣ್ಣಲ್ಲಿ ನೀರು ತಂದುಕೊಂಡು, ಎರಡೂ ಕೈ ಮುಗಿದು ಬೇಡ ಅಂದ. ಯಾರೂ ಹೇಳಿಕೊಟ್ಟದ್ದಲ್ಲ. ಅಳಿಯಂದಿರು ಅದನ್ನೇ ಇಟ್ಟುಕೊಂಡರು. ನೋಡಿದವರೆಲ್ಲ ಎಂಥ ಅಭಿನಯ ಅಂದರು.

ಕೊನೆಗೆ ಬೀಗರೂ ಅಮೆರಿಕದ ಥಿಯೇಟರಿನಲ್ಲಿ ಸಿನಿಮಾ ನೋಡಿ ಫೋನ್ ಮಾಡಿದರು. ಅಳಿಯಂದಿರು ಸ್ಪೀಕರ್ ಹಾಕಿ, ಎದ್ದು ನಿಂತೇ ಮಾತಾಡಿದರು. ಮಗಳು ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು.

"ಕತಿ ತಿಳೀಲಿಲ್ಲಂತ. ಆದ್ರ ಮಂದಿ ನಕ್ಕರಂತ, ಅತ್ತರಂತ. ನೀ ಅಲ್ಲೇ ಇರು, ಟೈರು ನಿನ್ನ ಕೈಲಿ ಆಗೂದಲ್ಲ ಅನ್ಲಿಕತ್ತಾರ."

ಅಳಿಯಂದಿರು ಆಗ ಕುರ್ಚಿಯ ಮೇಲೆ ಕೂತರು. ಮಗಳು ಮಾತ್ರ ನನ್ನ ಕಡೆ ವಿಚಿತ್ರವಾಗಿ ನೋಡಿದಳು.

"ಮತ್ತೇನವ್ವ?"

"ನಿಮ್ಮ ಅತ್ತಿನ್ನ ಅಂಗಡಿಗೆ ಕಳಸು ಅನ್ಲಿಕತ್ತಾರ. ಗಿರಾಕಿ ಒಂದು ಟೈರು ಸಾಕು ಅಂದ್ರೂ ನಾಲ್ಕು ಹಾಕ್ಸಿ ಕಳಸೋರು ಅವರಿಗೆ ಇಷ್ಟು ವರ್ಷ ಸಿಕ್ಕಿರಲಿಲ್ಲಂತ."

ನಾನು ಬ್ಯಾಡ ಅಂದೆ. ಒಂದ ಸಲ.