ಮಾವನ ಮೇಣ, ನನ್ನ ಬಾಯಿ

ಮೊದಲೇ ಒಪ್ಪಿಬಿಡುತ್ತೇನೆ: ಯಾದಗಿರಿಯ ಒಂದು ಖಾಸಗಿ ದವಾಖಾನೆಯಲ್ಲಿ ರೋಗಿಯೊಬ್ಬನ ಕುತ್ತಿಗೆಯ ಗಂಟಿನ ತುಂಡು ಹಾಳಾದದ್ದು ನನ್ನ ಬಾಯಿಯಿಂದ. ಕಚ್ಚಿ ಅಲ್ಲ, ಮಾತಾಡಿ!

ತುಂಡುಗಳ ಉಸ್ತುವಾರಿ ನನ್ನ ಸೋದರಮಾವನದು. ಅವನಂಥ ತಿಕ್ಕಲ ಇನ್ನೊಬ್ಬನಿದ್ದರೆ ನಿಜಾಮರ ಸರಕಾರ ತಾಳಿಕೊಳ್ಳುತ್ತಿರಲಿಲ್ಲ. ಡಾಕ್ಟರರು ಕೊಯ್ದ ತುಂಡನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ನೀರಿಳಿಸುವುದು, ಕರಗಿದ ಮೇಣದಲ್ಲಿ ಗಂಟೆಗಟ್ಟಲೆ ಇಡುವುದು, ಗಟ್ಟಿಯಾದ ಮೇಲೆ ಮರದ ಬಿಲ್ಲೆಗೆ ಕೂರಿಸಿ ತೆಳ್ಳಗೆ ಹೆರೆಯುವುದು ಅವನ ಕೆಲಸ. ಹೆರೆದದ್ದನ್ನು ಡಾಕ್ಟರರು ಸೂಕ್ಷ್ಮದರ್ಶಕದಲ್ಲಿ ನೋಡಿ ಗಂಟು ಒಳ್ಳೆಯದೋ ಕೆಟ್ಟದೋ ಹೇಳುತ್ತಿದ್ದರು.

ಮಾವ ತುಂಡಿಗೂ ಬಹುವಚನ ಕೊಡುವವನು! "ಈ ಕಡಿ ಮಾರಿ ಮಾಡಿ ಕುಂಡರ್ರಿ... ಹಾಂ, ಅಲ್ಲಾಡಬ್ಯಾಡ್ರಿ." ನನಗೆ ಮಾತ್ರ "ಲೇ ಮಂಗ್ಯಾ!" ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚಲು ಕೊಟ್ಟರೆ ಒಂದೊಂದು ಪದರನ್ನೂ ಬಿಸಿಲಿಗೆ ಹಿಡಿದು ನೋಡುತ್ತ ಕೂಡುತ್ತಿದ್ದ. "ಪಲ್ಯಾ ಮಾಡ್ಲ್ಯೋ, ಇದರಾಗ ಚಷ್ಮಾ ಮಾಡಸ್ಲ್ಯೋ?" ಎನ್ನುತ್ತಿದ್ದಳು ಅತ್ತೆ.

ಆ ದಿನದ ತುಂಡು ಭೀಮಾ ದಂಡೆಯ ಮೀನುಗಾರನೊಬ್ಬನದು. ಕೆಟ್ಟ ಗಂಟಾದರೆ ಹೈದರಾಬಾದಿಗೆ ಒಯ್ಯಬೇಕು. ಅವನ ಹೆಂಡತಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಕಂಡವರ ದನಿ ಅಣಕಿಸುವ ಚಟದ ನಾನು ಸುಮ್ಮನಿರಬಾರದೆ? ಬಾಗಿಲ ಹಿಂದೆ ನಿಂತು ಡಾಕ್ಟರರ ದನಿಯಲ್ಲೇ ಗುಡುಗಿದೆ: "ಅರೇ ಮಿಯಾಂ, ಜಲ್ದಿ ಕರೋ!"

ಪುಕ್ಕಲ ಮಾವ ಗಾಬರಿಯಾಗಿ ತುಂಡನ್ನು ಹೊತ್ತಿಗೆ ಮೊದಲೇ ಎತ್ತಿ, ಕೂರಿಸಿ, ಹೆರೆದ. ಮೇಣ ಒಳಗಿಳಿದಿರಲಿಲ್ಲ, ಅರ್ಧ ತುಂಡು ಹರಿದು ಪುಡಿಯಾಯಿತು. ನಗುತ್ತ ಒಳಹೊಕ್ಕ ನನ್ನ ಮುಖ ಇಂಗು ತಿಂದ ಮಂಗನದಾಯಿತು.

ಮಾವ ಬೈಯಲಿಲ್ಲ. ಉಳಿದ ಕಡಲೆಕಾಳಿನಷ್ಟನ್ನು ಮತ್ತೆ ಮೇಣಕ್ಕಿಳಿಸಿದ. ಮೇಣ ಆರಬಾರದು, ಕುದಿಯಲೂ ಬಾರದು. ಮೇಣದ ಪಾತ್ರೆಯಿಟ್ಟ ಇದ್ದಿಲ ಸಿಗಡಿ ಬಿಟ್ಟು ಏಳುವಂತಿಲ್ಲ. ಡಾಕ್ಟರರು ಬಂದು ತಡವೇಕೆಂದು ಗದರಿದಾಗ "ಕೈ ತಪ್ಪಿತ್ರಿ, ನಂದ ತಪ್ಪು" ಎಂದ. ನಾನು ಮತ್ತೆ ಬಾಗಿಲ ಹಿಂದೆ ಸೇರಿಕೊಂಡಿದ್ದೆ. ನನ್ನ ಬಾಯಿಂದ ಆಗ ಯಾರ ದನಿಯೂ ಹೊರಡಲಿಲ್ಲ!

ಮರುದಿನ ಮಧ್ಯಾಹ್ನ ಹೆರೆದದ್ದು ಹರಿಯಲಿಲ್ಲ. ಗಂಟು ಕೆಟ್ಟದ್ದಲ್ಲ ಎಂದರು ಡಾಕ್ಟರರು. ನಾನು ಹೋಗಿ ಆ ಹೆಂಗಸಿನ ಮುಂದೆ ಎಲ್ಲ ಒಪ್ಪಿಕೊಂಡೆ.

"ಅವ್ವಾ, ನನ್ನ ಚಾಷ್ಟಿಗೆ ನೀವು ಒಂದಿನ ಹೆಚ್ಚಿಗಿ ಅಂಜಿದ್ರಿ. ಬೇಕಾದ್ರ ಎರಡು ಹೊಡೀರಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮ ಮಾವ ನಿನ್ನಿ ಮುಂಜಾನಿಂದ ಒಂದು ತುತ್ತು ತಿಂದಿಲ್ಲ, ಕಿಡಕ್ಯಾಗಿಂದ ನೋಡೇನಿ. ಹೊಡಸ್ಕೊಳ್ಳೂದು ಆಮ್ಯಾಗ ತಮ್ಮಾ, ಮೊದಲ ಅವನ್ನ ಉಣ್ಣಾಕ ಎಬ್ಬಸು."