ಮನುಷ್ಯರ ದನಿಯಲ್ಲ

ಕಾದ ರೇಡಿಯೊಗೆ ಒಂದು ವಾಸನೆ ಇರುತ್ತಿತ್ತು. ಬಿಸಿಯಾದ ದೂಳು, ಮರದ ಮೆರುಗೆಣ್ಣೆ, ಜೊತೆಗೆ ಪಾರ್ಕಿನ ಸಂಜೆಮಲ್ಲಿಗೆ. ಬದರೀನಾರಾಯಣರು ಚಿಕ್ಕವರಿದ್ದಾಗ ಬಸವನಗುಡಿಯ ಪಾರ್ಕಿನಲ್ಲಿ ಸಂಜೆ ಹೊತ್ತು ಊರಿಗೆಲ್ಲ ಕೇಳಲೆಂದು ರೇಡಿಯೊ ಹಾಕುತ್ತಿದ್ದರು. ಬೇರೆ ಹುಡುಗರು ಉಯ್ಯಾಲೆಗೆ ಓಡಿದರೆ ಇವರು ರೇಡಿಯೊ ಗೂಡಿನ ಕಿಂಡಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು. ತಾನೂ ಒಂದು ದಿನ ಹೀಗೆ ಎಲ್ಲರಿಗೂ ಕೇಳಿಸಬೇಕು ಎಂಬ ಆಸೆ ಅಂದು ಮೂಗಿನಿಂದ ಒಳಗೆ ಹೋದದ್ದು, ಎಪ್ಪತ್ತು ದಾಟಿದರೂ ಹೊರಗೆ ಬಂದಿರಲಿಲ್ಲ.

ರೇಡಿಯೊದಲ್ಲಿ ಕೆಲಸ ಸಿಗಲಿಲ್ಲ. ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದುವ ಕೆಲಸ ಸಿಕ್ಕಿತು. "ಪ್ರಯಾಣಿಕರ ಗಮನಕ್ಕೆ" ಎಂದು ಜೀವಮಾನವೆಲ್ಲ ಹೇಳಿದರು. ಪ್ರಯಾಣಿಕರು ಕಡಲೆಕಾಯಿ ಸುಲಿಯುತ್ತಿದ್ದರು. ಆ ಧಾಟಿ ಮಾತ್ರ ಮೈಗೇ ಅಂಟಿಬಿಟ್ಟಿತು. ಮನೆಯಲ್ಲೂ, "ಗೋದಾ, ಕಾಫಿಯು ಇನ್ನು ಕೆಲವೇ ಕ್ಷಣಗಳಲ್ಲಿ ಬರಲಿದೆಯೇ?" ಎನ್ನುತ್ತಿದ್ದರು. "ತಡವಾಗಿ ಬರಲಿದೆ, ಪ್ರಯಾಣಿಕರು ಸಹಕರಿಸಬೇಕು" ಎಂದು ಹೆಂಡತಿ ಅಡುಗೆಮನೆಯಿಂದ ಉತ್ತರ ಕೊಡುತ್ತಿದ್ದರು. ಗೋದಾ ತೀರಿಕೊಂಡ ಮೇಲೆ ಆ ಮನೆಯ ಪ್ರಕಟಣೆಗಳಿಗೆ ಉತ್ತರ ಬರುವುದು ನಿಂತಿತು.

ಹೀಗಿರುವಾಗ ಪೇಪರಿನಲ್ಲಿ ಸುದ್ದಿ ಬಂತು. ಕೃತಕ ಬುದ್ಧಿಮತ್ತೆಗೆ ದೇಶವೇ ಒಂದು ಕಾರ್ಯನೀತಿ ಮಾಡಿದೆ. ಹೊರದೇಶದ ಯಂತ್ರವನ್ನೇ ನೆಚ್ಚಿ ಕೂರದೆ ನಮ್ಮ ಯಂತ್ರಕ್ಕೆ ನಮ್ಮ ಭಾಷೆ ಕಲಿಸುತ್ತಾರೆ. ರೈತರು, ಪಿಂಚಣಿದಾರರು ಫೋನ್ ಮಾಡಿ ಏನು ಕೇಳಿದರೂ ಅದು ಕನ್ನಡದಲ್ಲೇ ಹೇಳುತ್ತದೆ. ಇನ್ನು ಮುಂದೆ ಯಾರ ದನಿಯಲ್ಲಿ ಹೇಳಬೇಕು ಎಂದು ಆರಿಸಲು ಶಂಕರಪುರದ ಸಮುದಾಯ ಭವನದಲ್ಲಿ ಶಿಬಿರ ನಡೆಯುತ್ತಿದೆ, ಇವತ್ತೇ ಕೊನೆ. ಬದರೀನಾರಾಯಣರು ಹೊರಡುವ ವಿಷಯವನ್ನು ಖಾಲಿ ಮನೆಗೇ ಜೋರಾಗಿ ಪ್ರಕಟಿಸಿ, ತಿಂಡಿಯನ್ನೂ ಮರೆತು ಇಸ್ತ್ರಿ ಮಾಡಿದ ಅಂಗಿ ತೊಟ್ಟರು.

ಗೇಟಿನಲ್ಲೇ ಪಕ್ಕದ ಮನೆಯ ಪಾರ್ವತಮ್ಮ ಲೋಟ ಹಿಡಿದು ನಿಂತಿದ್ದರು. "ದನಿ ಕೊಡೋಕೆ ಹೋಗ್ತಿದೀರಂತೆ. ಬರೀ ಗಂಟಲಲ್ಲಿ ಹೋಗ್ಬೇಡಿ, ಕಷಾಯ ಕುಡೀರಿ. ಮೆಣಸು ಸ್ವಲ್ಪ ಮುಂದಾಗಿದೆ. ದೇಶದ ಕೆಲಸ ನೋಡಿ."

ಮಹಡಿ ಮನೆಯ ಶೀನಣ್ಣ ಚಪ್ಪಲಿ ಮೆಟ್ಟಿಕೊಂಡೇ ಇಳಿದರು. "ಇಂಗ್ಲಿಷ್ ಪದ ಒಂದೂ ಬಾಯಿಗೆ ಬರ್ಬಾರ್ದು ಸಾರ್. ನಮ್ಮ ಯಂತ್ರದ ಮರ್ಯಾದೆ ಪ್ರಶ್ನೆ. ನಾನೂ ಬರ್ತೀನಿ, ನಡೀರಿ."

"ಇಬ್ರು ಗಂಡಸರನ್ನೇ ಕಳಿಸಿದ್ರೆ ಯಾವ ಕೆಲಸ ಆಗುತ್ತೆ," ಎನ್ನುತ್ತ ಪಾರ್ವತಮ್ಮನೂ ಬಾಗಿಲಿಗೆ ಬೀಗ ಹಾಕಿದರು.

ಭವನದಲ್ಲಿ ವಿಶಾಖಾ ಎಂಬ ಹುಡುಗಿ ಮೈಕು, ಕಂಪ್ಯೂಟರು ಇಟ್ಟುಕೊಂಡು ಕುಳಿತಿದ್ದಳು. ಅಜ್ಜನ ಕಡೆಗೆ ಫ್ಯಾನು ತಿರುಗಿಸಿ, "ಚಿಕ್ಕಂದಿನ ಒಂದು ಸಂಜೆ ಬಗ್ಗೆ ಹೇಳಿ ತಾತ. ಮನೇಲಿ ಮಾತಾಡೋ ಹಾಗೇ," ಎಂದಳು.

ಅವರು ಮನೆಯಲ್ಲಿ ಮಾತಾಡುವ ಹಾಗೇ ಹೇಳಿದರು. "ಅದೊಂದು ಸೊಗಸಾದ ಸಂಜೆ. ಉದ್ಯಾನವನದಲ್ಲಿ ಬಾನುಲಿ ಕಾರ್ಯಕ್ರಮವು ಎಂದಿನಂತೆ ಬಿತ್ತರಗೊಳ್ಳುತ್ತಿತ್ತು..."

ಪರದೆ ಕೆಂಪಾಯಿತು. ಇದು ಮನುಷ್ಯರ ದನಿಯಲ್ಲ, ಎಂದು ಅಕ್ಷರ ಮೂಡಿತು.

ವಿಶಾಖಾ ಪೆಚ್ಚಾದಳು. "ಕೆಲವರು ಯಂತ್ರದಿಂದ್ಲೇ ಮಾತಾಡಿಸಿ ತಂದು ಕೊಡ್ತಾರೆ ತಾತ. ಅದಕ್ಕೇ ಈ ಕಾವಲು."

"ಮನುಷ್ಯರೇ ಕಣಮ್ಮ, ನಾನು ಗ್ಯಾರಂಟಿ," ಎಂದರು ಶೀನಣ್ಣ. "ಹೋದ ದೀಪಾವಳೀಲಿ ನನ್ ಸ್ಕ್ರೂಡ್ರೈವರ್ ಇಸ್ಕೊಂಡ್ರು, ಇನ್ನೂ ವಾಪಸ್ ಕೊಟ್ಟಿಲ್ಲ. ಯಂತ್ರ ಹಾಗೆಲ್ಲ ಮಾಡುತ್ತಾ?"

ಇನ್ನಷ್ಟು ಸಲೀಸಾಗಿ ಮಾತಾಡಬೇಕೆಂದು ಬದರೀನಾರಾಯಣರು ಗಂಟಲು ಸರಿಮಾಡಿಕೊಂಡು, "ಏನು ಗುರು, ಸಮಾಚಾರ?" ಎಂದರು. ಮಳವಳ್ಳಿ ಬಸ್ಸು ರದ್ದಾಗಿದೆ ಎಂದು ಪ್ರಕಟಿಸಿದ ಹಾಗಿತ್ತು. ಪರದೆ ಮತ್ತೆ ಕೆಂಪು.

ಅಷ್ಟರಲ್ಲಿ ಹಸಿದ ಹೊಟ್ಟೆಯ ಮೆಣಸು ಮೇಲೆದ್ದು ಕೆಮ್ಮು ಹತ್ತಿಕೊಂಡಿತು. ಪರದೆ ಪಕ್ಕನೆ ಹಸಿರಾಯಿತು.

"ಕೆಮ್ಮು ಮನುಷ್ಯರದಂತೆ," ಎಂದಳು ವಿಶಾಖಾ ಮೆಲ್ಲಗೆ. "ಮಾತು ಮಾತ್ರ ಅಲ್ವಂತೆ."

ಪಾರ್ವತಮ್ಮನಿಗೆ ತಡೆಯಲಾಗಲಿಲ್ಲ. ನೀರಿನ ಲೋಟ ಹಿಡಿದು ಮೈಕಿನ ಮುಂದೆಯೇ ಬಂದು ನಿಂತರು. "ಬೆಳಗಿಂದ ಒಂದು ತುತ್ತು ತಿಂದಿಲ್ಲ ಕಣಮ್ಮ ಇವ್ರು. ಗೋದಾ ಹೋದ್ಮೇಲೆ ಹೊತ್ತಿಲ್ಲ ಗೊತ್ತಿಲ್ಲ. ಒಂದಿನ ಉಪ್ಪಿಟ್ಟು, ಒಂದಿನ ಅದೂ ಇಲ್ಲ. ಕುಕ್ಕರ್ ಕೂಗಿದ್ದು ನಾನಂತೂ ಕೇಳಿಲ್ಲ. ಗೋಡೆ ಆಚೆ ಇರೋರಿಗೆ ಗೊತ್ತಾಗಲ್ವಾ?"

ಪರದೆ ಕರಿಬೇವಿನ ಗಿಡದಂತೆ ಹಸಿರಾಗಿ ನಿಂತಿತು. "ಅಜ್ಜಿ, ದಯವಿಟ್ಟು ನಿಲ್ಲಿಸ್ಬೇಡಿ," ಎಂದಳು ವಿಶಾಖಾ.

"ನಿಲ್ಲಿಸ್ತೀನಿ ಅಂತ ಯಾರಂದ್ರು?"

ಪಾರ್ವತಮ್ಮ ಸಾಂಬಾರುಪುಡಿಯವರೆಗೆ ಬಂದು ಮುಗಿಸಿದಾಗ ವಿಶಾಖಾ ಅದನ್ನು ಕಚೇರಿಗೆ ಕಳಿಸಿ, ತಾತನ ವಿಷಯ ಕೇಳಲು ಫೋನ್ ಹಿಡಿದು ಹೊರಗೆ ಹೋದಳು. ಬಂದವಳ ಮುಖ ಬೇರೆಯಾಗಿತ್ತು.

"ತಾತ, ಯಂತ್ರಕ್ಕೆ ಮೊದಲು ಮಾತು ಕಲಿಸೋವಾಗ ಹಳೇ ಕ್ಯಾಸೆಟ್ ಹಾಕಿದ್ರಂತೆ. ಯಾವುದೋ ಬಸ್ ನಿಲ್ದಾಣದ ಪ್ರಕಟಣೆ. ಯಾರ ದನಿ ಅಂತ ಅವರಿಗೂ ಗೊತ್ತಿಲ್ಲ. ಈಗ ಫೋನಲ್ಲಿ ಉತ್ತರ ಹೇಳ್ತಿರೋದು ಅದೇ ದನಿ, ಕೇಳಿ."

ಗುಂಡಿ ಒತ್ತಿದಳು. "ನಮಸ್ಕಾರ. ತಮ್ಮ ಪ್ರಶ್ನೆಯನ್ನು ಕೇಳಬಹುದಾಗಿದೆ," ಎಂದಿತು ಯಂತ್ರ. ಮೂವರೂ ಬದರೀನಾರಾಯಣರ ಕಡೆ ತಿರುಗಿದರು. ಅವರ ಬಾಯಿ ಮುಚ್ಚಿತ್ತು.

"ಅಂದರೆ... ಇಷ್ಟು ದಿನ ಫೋನಿನಲ್ಲಿ ಎಲ್ಲರಿಗೂ ಕೇಳಿಸುತ್ತಿದ್ದದ್ದು ನಾನೇ?"

"ಹೂಂ ತಾತ. ಆದ್ರೆ ಜನ ಅರ್ಧಕ್ಕೇ ಫೋನ್ ಇಟ್ಬಿಡ್ತಾರಂತೆ. ಅದಕ್ಕೇ ಈ ಶಿಬಿರ." ಅವಳು ತಲೆ ತಗ್ಗಿಸಿದಳು. "ಕಚೇರಿಯವರು ಅಜ್ಜಿ ದನಿ ಇರಲಿ ಅಂದ್ರು. ಹಳೇದು ಇವತ್ತೇ ತೆಗೀತಾರೆ."

ಪಾರ್ವತಮ್ಮ ನೀರಿನ ಲೋಟವನ್ನು ಅವರ ಮುಂದಿಟ್ಟರು. "ಸ್ಕ್ರೂಡ್ರೈವರ್ ನೀವೇ ಇಟ್ಕೊಳ್ಳಿ ಸಾರ್," ಎಂದರು ಶೀನಣ್ಣ.

"ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಬಹುದೇ?" ಎಂದು ಬದರೀನಾರಾಯಣರು ಕೇಳಿದರು. ವಿಶಾಖಾ ಮೈಕನ್ನು ಅವರತ್ತ ಸರಿಸಿದಳು.

"ಕಾಫಿಯು ಇನ್ನು ಕೆಲವೇ ಕ್ಷಣಗಳಲ್ಲಿ ಬರಲಿದೆಯೇ?"

"ಕ್ಷಮಿಸಿ," ಎಂದಿತು ಅವರದೇ ದನಿ. "ಆ ಮಾಹಿತಿಯು ನಮ್ಮಲ್ಲಿ ಲಭ್ಯವಿಲ್ಲ."

ಸಂಜೆ ಅವರು ದೀಪ ಹಾಕದೆ ಕುಳಿತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಪಾರ್ವತಮ್ಮ ನಿಂತಿದ್ದರು. ಕೈಯಲ್ಲಿದ್ದ ಡಬ್ಬಿಯ ಮುಚ್ಚಳದ ಸಂದಿಯಿಂದ ಹುಳಿಯ ಒಗ್ಗರಣೆ ಘಮ್ಮೆನ್ನುತ್ತಿತ್ತು. ನಾಳೆಯಿಂದ ನಾಡಿಗೆಲ್ಲ ಉತ್ತರ ಹೇಳಬೇಕಾದ ಪಾರ್ವತಮ್ಮ ಈಗ ಏನೂ ಹೇಳಲಿಲ್ಲ. ಬಿಸಿ ಡಬ್ಬಿಯನ್ನು, ಕೈ ಸುಡದ ಹಾಗೆ ಸೆರಗಿನ ತುದಿಯಲ್ಲಿ ಹಿಡಿದು, ಅವರ ಕೈಗಿತ್ತರು.